ಜೋರು ಮಳೆಯಲ್ಲಿ ಮಾತ್ರ ಎಬಿಎಸ್, ಸ್ಟೀರಿಂಗ್ ಲೈಟ್ ಒಟ್ಟಿಗೆ ಹತ್ತುತ್ತೆ, ಸ್ಪೀಡೋಮೀಟರ್ ಸೊನ್ನೆ. ಕೋಡ್ ಯು0121

ಗಾಳಿಬೀಡು ತಿರುವು (ಪ್ರಶ್ನೆ)

ಗಾಡಿ 2017ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನುವಲ್ ಗೇರ್, ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್. ಓಡಾಟ ಹೆಚ್ಚಾಗಿ ಮಡಿಕೇರಿ, ನಾಪೋಕ್ಲು, ಭಾಗಮಂಡಲ ಕಡೆ.

ಮಳೆ ಜೋರಾದಾಗ ಎಬಿಎಸ್ (ಜೋರು ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯೋದು) ಲೈಟು, ಸ್ಟೀರಿಂಗ್ ಲೈಟು ಒಂದೇ ಸಲ ಹತ್ತುತ್ತೆ. ಅದೇ ಹೊತ್ತಿಗೆ ಸ್ಪೀಡೋಮೀಟರ್ ಮುಳ್ಳು ಸೊನ್ನೆಗೆ ಬೀಳುತ್ತೆ, ಸ್ಟೀರಿಂಗ್ ಸ್ವಲ್ಪ ಗಟ್ಟಿಯಾಗುತ್ತೆ. ಎಂಜಿನ್ ನಿಲ್ಲಲ್ಲ, ಬ್ರೇಕ್ ಮಾಮೂಲಿನಂತೆ ಹಿಡಿಯುತ್ತೆ. ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಕೆಲವೊಮ್ಮೆ ಸರಿ ಹೋಗುತ್ತೆ. ಬಿಸಿಲಿದ್ದ ದಿನ ಏನೂ ಇಲ್ಲ.

ಸ್ಕ್ಯಾನ್ ಮಾಡಿಸಿದಾಗ ಎಂಜಿನ್, ಸ್ಟೀರಿಂಗ್, ಮೀಟರ್ ಬೋರ್ಡ್ ಮೂರರಲ್ಲೂ ಯು0121. ಎಬಿಎಸ್ ಮಾಡ್ಯೂಲ್ (ಅದರ ಕಂಪ್ಯೂಟರ್ ಪೆಟ್ಟಿಗೆ) ಬದಲಿಸಿ ಅಂದಿದ್ದಾರೆ. ಅದರ ರೇಟ್ ಕೇಳಿದ ಮೇಲೆ ಇಲ್ಲಿ ವಿಚಾರಿಸೋಣ ಅನ್ನಿಸಿತು. ಮನೆಯಲ್ಲಿ ಮಲ್ಟಿಮೀಟರ್ ಇದೆ. ಮೊದಲು ಏನು ಅಳೆಯಬೇಕು?

ಹನ್ನೆರಡು ವೋಲ್ಟ್

ಮಾಡ್ಯೂಲ್‌ಗೆ ಈಗಲೇ ಆರ್ಡರ್ ಕೊಡಬೇಡಿ ಅಣ್ಣ. ಯು ಕೋಡ್ ಅಂದರೆ ಪೊಲೀಸ್ ಠಾಣೆಯ ಕಾಣೆಯಾದವರ ದೂರು ಇದ್ದ ಹಾಗೆ. ಕೋಡ್ ಯಾವ ಮಾಡ್ಯೂಲ್‌ನಲ್ಲಿ ಕೂತಿದೆಯೋ ಅದು ದೂರು ಕೊಟ್ಟದ್ದು, ಕೋಡ್ ಹೇಳುವ ಹೆಸರು ಕಾಣೆಯಾದದ್ದು. ನಿಮ್ಮಲ್ಲಿ ಮೂರು ಮಾಡ್ಯೂಲ್ ಸೇರಿ ಎಬಿಎಸ್ ಸದ್ದಿಲ್ಲ ಅಂತಿವೆ. ಅದು ಸತ್ತಿದೆ ಅಂತ ಯಾರೂ ಹೇಳಿಲ್ಲ. ಕರೆಂಟ್ ಸಿಗದೆ, ಅರ್ತ್ (ಕರೆಂಟ್ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿ) ಸಿಗದೆ, ಕ್ಯಾನ್ ವೈರ್ (ಮಾಡ್ಯೂಲ್‌ಗಳು ಒಂದಕ್ಕೊಂದು ಮಾತಾಡುವ ಜೋಡಿ ವೈರ್) ತುಂಡಾಗಿ, ಯಾವ ಕಾರಣಕ್ಕೂ ಸುಮ್ಮನಾಗಿರಬಹುದು.

ಮುಳ್ಳು ಸೊನ್ನೆಗೆ ಬೀಳೋದಕ್ಕೂ ಸ್ಟೀರಿಂಗ್ ಗಟ್ಟಿಯಾಗೋದಕ್ಕೂ ಇದೇ ಕಾರಣ. ಚಕ್ರದ ವೇಗ ಎಬಿಎಸ್‌ನಿಂದ ಕ್ಯಾನ್ ಲೈನ್‌ಗೆ ಹೋಗುತ್ತೆ, ಮೀಟರ್ ಮತ್ತು ಸ್ಟೀರಿಂಗ್ ಅಲ್ಲಿಂದ ತಗೊಳ್ಳುತ್ತವೆ. ಅವೆರಡರಲ್ಲಿ ದೋಷ ಹುಡುಕುವುದು ದಂಡ.

ಮೊದಲು ಬ್ಯಾಟರಿ. ಎಂಜಿನ್ ಆಫ್ ಇದ್ದಾಗ 12.5 ಆಸುಪಾಸು, ಓಡುವಾಗ 13.8ರಿಂದ 14.5 ಇರಬೇಕು. ಬ್ಯಾಟರಿ ವೀಕಾಗಿ ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಕುಸಿದರೂ ಇಂಥ ಕೋಡ್‌ಗಳು ರಾಶಿ ಬೀಳುತ್ತವೆ. ಆದ್ದರಿಂದ ಕೋಡ್‌ಗಳನ್ನು ಬರೆದಿಟ್ಟುಕೊಂಡು ಅಳಿಸಿ, ಮತ್ತೆ ಯಾವುದು ಬರುತ್ತೆ ನೋಡಿ.

ಆಮೇಲೆ ಓಮ್ ಅಳತೆ. ಬ್ಯಾಟರಿ ಮೈನಸ್ ಬಿಚ್ಚಿ ಐದು ನಿಮಿಷ ಬಿಡಿ. ಸ್ಟೀರಿಂಗ್ ಕೆಳಗಿನ ಓಬಿಡಿ ಸಾಕೆಟ್‌ನಲ್ಲಿ (ಸ್ಕ್ಯಾನರ್ ಸಿಕ್ಕಿಸುವ ಜಾಗ) 6 ಮತ್ತು 14ನೇ ಪಿನ್ ಮಧ್ಯೆ ಅಳೆಯಿರಿ. 6 ಕ್ಯಾನ್ ಹೈ, 14 ಕ್ಯಾನ್ ಲೋ. ಲೈನಿನ ಎರಡು ತುದಿಯಲ್ಲಿ ತಲಾ 120 ಓಮ್ ರೆಸಿಸ್ಟರ್ ಪ್ಯಾರಲಲ್ ಆಗಿರೋದರಿಂದ 60 ಬರಬೇಕು. 120 ಬಂದರೆ ಒಂದು ತುದಿ ಕಳಚಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ವೈರ್ ಒಂದಕ್ಕೊಂದು ತಾಗಿವೆ. 40 ಬಂದರೆ ಎಲ್ಲೋ ಮೂರನೇ ರೆಸಿಸ್ಟರ್ ಸೇರಿಕೊಂಡಿದೆ, ಬೇರೆ ಮಾಡೆಲ್‌ನ ಸೆಕೆಂಡ್ ಹ್ಯಾಂಡ್ ಮಾಡ್ಯೂಲ್ ಹಾಕಿದ ಗಾಡಿಗಳಲ್ಲಿ ಹೀಗಾಗುತ್ತೆ.

ಬ್ಯಾಟರಿ ಜೋಡಿಸಿ, ಕೀ ಆನ್ ಮಾಡಿ, ಅದೇ ಪಿನ್‌ಗಳನ್ನು ಒಂದೊಂದಾಗಿ 4ನೇ ಪಿನ್ನಿಗೆ, ಅಂದರೆ ಅರ್ತ್‌ಗೆ, ಹೋಲಿಸಿ ವೋಲ್ಟ್ ನೋಡಿ. ಹೈ 2.6–2.8, ಲೋ 2.2–2.4 ಇದ್ದು ಎರಡೂ ಕೂಡಿದರೆ 5ರ ಹತ್ತಿರ ಬರಬೇಕು. ಹೈ 3.5, ಲೋ 1.5 ಅಂತ ಪುಸ್ತಕದಲ್ಲಿರೋದು ಸಿಗ್ನಲ್ ಎದ್ದಾಗಿನ ಲೆಕ್ಕ. ಮೀಟರ್ ಸರಾಸರಿ ತೋರಿಸುತ್ತೆ, ಗಾಬರಿ ಬೇಡ.

ಮಾಡ್ಯೂಲ್ ಬಿಚ್ಚಿ ನೋಡುವ ಹಂತ ಬಂದರೆ ಹಳದಿ ಕಪ್ಲರ್‌ಗಳ (ವೈರ್ ಜೋಡಿಸುವ ಪ್ಲಗ್) ತಂಟೆಗೆ ಹೋಗಬೇಡಿ. ಅವು ಏರ್‌ಬ್ಯಾಗ್‌ದು, ಅಲ್ಲಿ ಓಮ್ ಮೀಟರ್ ಹಿಡಿಯಲೇಬಾರದು.

ಎರಡು ಚಾನೆಲ್

ಮೇಲಿನದಕ್ಕೆ ಒಂದು ತಿದ್ದುಪಡಿ. ಗೇಟ್‌ವೇ ಮಾಡ್ಯೂಲ್ (ಕ್ಯಾನ್ ಲೈನ್‌ಗಳ ಮಧ್ಯೆ ನಿಂತು ಸಂದೇಶ ದಾಟಿಸುವ ಪೆಟ್ಟಿಗೆ) ಇರುವ ಗಾಡಿಯಲ್ಲಿ ಓಬಿಡಿ ಸಾಕೆಟ್‌ನಿಂದ ಗೇಟ್‌ವೇವರೆಗಿನ ತುಂಡು ಮಾತ್ರ ನಿಮ್ಮ ಮೀಟರ್‌ಗೆ ಕಾಣುತ್ತೆ. ಒಳಗಿನ ಲೈನ್ ಹಾಳಾಗಿದ್ದರೂ ಹೊರಗೆ ಅಳತೆ ಸರಿಯಾಗಿರುತ್ತೆ. ನಿಮ್ಮ ಮಾಡೆಲ್‌ನ ವೈರಿಂಗ್ ಡಯಾಗ್ರಂ ಸಂಪಾದಿಸಿ. ಅದಿಲ್ಲದೆ ಇಂಥ ಕೆಲಸ ಕತ್ತಲಲ್ಲಿ ತಡಕಾಟ.

ಕೊಡಗಿನ ಮಳೆಗಾಲದ ಗಾಡಿಗಳಿಗೆ ನನ್ನ ಕ್ರಮ ಬೇರೆ. ಒಣಗಿದ ಗಾಡಿಯನ್ನು ಅಳೆದು ಪ್ರಯೋಜನವಿಲ್ಲ, ದೋಷ ಕಾಣುತ್ತಿರುವಾಗಲೇ ಅಳೆಯಬೇಕು. ವೈಪರ್ ಕೆಳಗಿನ ಪ್ಲಾಸ್ಟಿಕ್ ಜಾಲರಿ ತೆಗೆದು ಸಿಲ್ವರ್ ಓಕ್ ಎಲೆ, ಕಸ ಕಟ್ಟಿಕೊಂಡಿದೆಯಾ ನೋಡಿ. ಆ ನೀರು ಹೋಗುವ ತೂತು ಮುಚ್ಚಿದರೆ ನೀರು ವೈರಿಂಗ್ ಹಿಡಿದುಕೊಂಡು ಒಳಗಿಳಿಯುತ್ತೆ. ಎಡಗಡೆ ಕಾಲಿಡುವ ಜಾಗದ ಕಾರ್ಪೆಟ್ ಎತ್ತಿ, ಅಡಿಯ ಫೋಮ್ ಹಿಂಡಿ ನೋಡಿ. ಮೇಲೆ ಒಣಗಿದ್ದರೂ ಫೋಮ್ ವಾರಗಟ್ಟಲೆ ನೀರು ಹಿಡಿದಿರುತ್ತೆ. ಎಬಿಎಸ್ ಕಪ್ಲರ್ ಬಿಚ್ಚಿ ಪಿನ್ನಿನ ಬುಡದಲ್ಲಿ ಹಸಿರು ಕಿಲುಬು ಇದೆಯಾ, ರಬ್ಬರ್ ಸೀಲ್ ಮಡಚಿಕೊಂಡಿದೆಯಾ ಗಮನಿಸಿ.

ಇನ್ನೊಂದು ಪ್ರಶ್ನೆ. ಮಳೆ ಬಂದಾಗ ಗಾಡಿ ಒದ್ದೆಯಾಗೋದು ಮಾತ್ರ ಅಲ್ಲ, ನೀವು ಕೆಲವು ಸ್ವಿಚ್ಚನ್ನೂ ಹಾಕ್ತೀರಿ: ವೈಪರ್, ಬ್ಲೋವರ್, ಹಿಂದಿನ ಗಾಜಿನ ಡೀಫಾಗರ್, ಹೆಡ್‌ಲೈಟ್. ಹೊರಗಿನಿಂದ ಹಾಕಿಸಿದ ಫಾಗ್ ಲ್ಯಾಂಪ್ ಇದೆಯಾ? ಇದ್ದರೆ ಅದರ ಅರ್ತ್ ವೈರ್ ಎಲ್ಲಿ ಬಿಗಿದಿದ್ದಾರೆ?

ಗಾಳಿಬೀಡು ತಿರುವು

ಅಳತೆಗಳು: ಬ್ಯಾಟರಿ 12.6, ಓಡುವಾಗ 14.0. 6–14 ಮಧ್ಯೆ 60.3 ಓಮ್. ಹೈ 2.67, ಲೋ 2.32. ಎಬಿಎಸ್ ಕಪ್ಲರ್ ಒಳಗೆ ಒಣಗಿದೆ, ಕಿಲುಬು ಇಲ್ಲ. ಕಾರ್ಪೆಟ್ ಫೋಮ್ ಒಣಗಿದೆ. ಜಾಲರಿಯಲ್ಲಿ ಎಲೆ ಇತ್ತು, ತೆಗೆದಾಯ್ತು.

ಫಾಗ್ ಲ್ಯಾಂಪ್ ಹೌದು, ಮಂಜಿಗೆ ಅಂತ ಹೊರಗಡೆ ಹಾಕಿಸಿದ್ದು, 55 ವ್ಯಾಟ್ ಎರಡು. ಅದರ ಕಪ್ಪು ವೈರ್ ಎಡಗಡೆ ಏಪ್ರನ್‌ನಲ್ಲಿ (ಬಾನೆಟ್ ಒಳಗೆ ಚಕ್ರದ ಮೇಲಿನ ತಗಡು) ಒಂದು ಬೋಲ್ಟ್‌ಗೆ ಹೋಗಿದೆ. ಅದೇ ಬೋಲ್ಟ್‌ನಲ್ಲಿ ಕಂಪನಿಯ ದಪ್ಪ ಕಪ್ಪು ವೈರೂ ಇದೆ, ಅದು ಎಬಿಎಸ್ ಕಡೆ ಹೋಗುತ್ತೆ. ಆ ಅರ್ತ್ ಕಂಟಿನ್ಯೂಟಿ ನೋಡಿದರೆ ಬೀಪ್ ಬರುತ್ತೆ, 0.4 ಓಮ್ ತೋರಿಸುತ್ತೆ. ಸರಿ ಇದೆ ಅಲ್ವಾ?

ಎರಡು ಚಾನೆಲ್

ಇಲ್ಲ. ಬೀಪ್ ನಂಬಬೇಡಿ. ನೂರು ಎಳೆಯಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತೆ. ಮೀಟರ್ ಲೀಡ್‌ಗಳಿಗೇ 0.3, 0.4 ಇರುತ್ತೆ, ಹಾಗಾಗಿ ಆ ಅಳತೆಯಿಂದ ಏನೂ ಗೊತ್ತಾಗಲ್ಲ. ಅರ್ತ್ ಅಳೆಯಬೇಕಾದ್ದು ಲೋಡ್ ಇದ್ದಾಗ, ಅಂದರೆ ಅದರಲ್ಲಿ ಕರೆಂಟ್ ಹರಿಯುವಾಗ, ವೋಲ್ಟ್‌ನಲ್ಲಿ.

ಎಂಜಿನ್ ಓಡಲಿ. ಮೀಟರ್ ಡಿಸಿ ವೋಲ್ಟ್. ಕಪ್ಪು ಲೀಡ್ ಬ್ಯಾಟರಿ ಮೈನಸ್ ಕಂಬದ ಮೇಲೆ (ಕ್ಲಾಂಪ್ ಮೇಲಲ್ಲ), ಕೆಂಪು ಲೀಡ್ ಎಬಿಎಸ್ ಕಪ್ಲರ್‌ನ ಅರ್ತ್ ಪಿನ್ನಿಗೆ. ಕಪ್ಲರ್ ಹಾಕಿಯೇ ಇರಬೇಕು, ಹಿಂಬದಿಯಿಂದ ತೆಳ್ಳಗಿನ ಗುಂಡುಪಿನ್ ಇಳಿಸಿ. ವೈರ್ ಸಿಪ್ಪೆಗೆ ಚುಚ್ಚಬೇಡಿ, ನಮ್ಮ ಕಡೆಯ ತೇವಕ್ಕೆ ಆ ಸೂಜಿತೂತೇ ಸಾಕು, ಮುಂದಿನ ಮಳೆಗಾಲಕ್ಕೆ ಒಳಗೆ ತಾಮ್ರ ಹಸಿರಾಗಿ ಪುಡಿಯಾಗಿರುತ್ತೆ. ಎಲ್ಲ ಆಫ್ ಇದ್ದಾಗ ಒಂದು ಅಳತೆ, ಫಾಗ್ ಲ್ಯಾಂಪ್ ಹಾಕಿ ಒಂದು ಅಳತೆ. 0.1 ವೋಲ್ಟ್ ಒಳಗಿದ್ದರೆ ಅರ್ತ್ ಚೆನ್ನಾಗಿದೆ.

ಗಾಳಿಬೀಡು ತಿರುವು

ಆಫ್ ಇದ್ದಾಗ 0.14. ಫಾಗ್ ಲ್ಯಾಂಪ್ ಹಾಕಿದಾಗ 3.2! ಬೋಲ್ಟ್ ಹತ್ತಿರ ವೈರ್ ಅಲ್ಲಾಡಿಸಿದರೆ 2ರಿಂದ 4ರವರೆಗೆ ಕುಣಿಯುತ್ತೆ, ಆಗಲೇ ಎಬಿಎಸ್ ಲೈಟ್ ಹತ್ತಿತು. ಮಳೆ ಇಲ್ಲ, ಗಾಡಿ ಶೆಡ್‌ನಲ್ಲೇ ಇದೆ.

ಎರಡು ಚಾನೆಲ್

ಸಿಕ್ಕಿತು. ಹಾಗಾದರೆ ಮಳೆಗಿಂತ ಹೆಚ್ಚಾಗಿ ಮಳೆಯಲ್ಲಿ ಹಾಕುವ ಸ್ವಿಚ್ಚಿನದೇ ಕೈವಾಡ. ಫಾಗ್ ಲ್ಯಾಂಪ್ ಬೆಳಕೂ ಸ್ವಲ್ಪ ಮಂಕಾಗಿ ಹಳದಿ ಹೊಡೆಯುತ್ತಿರಬೇಕು, ನೋಡಿ.

ಆಗುತ್ತಿರುವುದು ಇಷ್ಟು. ಎರಡು ಲ್ಯಾಂಪಿನ 8–9 ಆಂಪಿಯರ್ ಆ ತುಕ್ಕು ಹಿಡಿದ ಬೋಲ್ಟ್ ಮೂಲಕ ಬಾಡಿಗೆ ಹೋಗಬೇಕು. ಅಲ್ಲಿ ಅರ್ಧ ಓಮ್‌ಗೂ ಕಡಿಮೆ ರೆಸಿಸ್ಟೆನ್ಸ್ ಇದ್ದರೂ 3 ವೋಲ್ಟ್ ಅಲ್ಲೇ ಉಳಿಯುತ್ತೆ. ಅದೇ ಬೋಲ್ಟ್ ಎಬಿಎಸ್‌ಗೂ ಅರ್ತ್ ಆದ್ದರಿಂದ ಅದಕ್ಕೆ ಸಿಗೋದು 14 ಅಲ್ಲ, 10.8. ಜೊತೆಗೆ ಎಬಿಎಸ್‌ನ ಸೊನ್ನೆ ಗಾಡಿಯ ಸೊನ್ನೆಗಿಂತ 3.2 ಮೇಲೇರಿದೆ. ಉಳಿದ ಮಾಡ್ಯೂಲ್ ಕಳಿಸುವ ಲೋ ಸಿಗ್ನಲ್ 1.5 ವೋಲ್ಟ್ ಇದಕ್ಕೆ ಮೈನಸ್ 1.7 ಆಗಿ ಕಾಣುತ್ತೆ. ಕ್ಯಾನ್ ಲೈನಿನ ಮಾನದಂಡ ಐಎಸ್‌ಒ 11898-2ರ 2003ರ ಆವೃತ್ತಿ ಪ್ರಕಾರ ಕ್ಯಾನ್ ರಿಸೀವರ್ ತಡೆದುಕೊಳ್ಳಬೇಕಿದ್ದದ್ದು ಮೈನಸ್ 2ರಿಂದ ಪ್ಲಸ್ 7 ವೋಲ್ಟ್‌ವರೆಗೆ. ಅಂಚಿಗೆ ಬಂದು ನಿಂತಿದೆ, ಗುಂಡಿಯಲ್ಲಿ ಗಾಡಿ ಕುಲುಕಿದರೆ ದಾಟುತ್ತೆ. ಎಬಿಎಸ್ ಕಳಿಸಿದ್ದೆಲ್ಲ ತಪ್ಪಾಗಿ, ಅದರ ಎರರ್ ಲೆಕ್ಕ 255 ಮೀರಿದರೆ ಕ್ಯಾನ್ ಕಂಟ್ರೋಲರ್ ತಾನಾಗಿಯೇ ಲೈನ್ ಬಿಟ್ಟು ಹೊರಗಾಗುತ್ತೆ. ಉಳಿದವರಿಗೆ ಅದೇ ಯು0121. ನೀವು 60 ಓಮ್, 2.67, 2.32 ಅಂತ ಅಳೆದಾಗ ಫಾಗ್ ಲ್ಯಾಂಪ್ ಆಫ್ ಇತ್ತು, ಅದಕ್ಕೇ ಎಲ್ಲ ಸರಿ ಕಂಡಿತು.

ರಿಪೇರಿ: ಬ್ಯಾಟರಿ ಮೈನಸ್ ತೆಗೆದು ಬೋಲ್ಟ್ ಬಿಚ್ಚಿ. ಬಾಡಿಯ ಜಾಗವನ್ನು ಎಮರಿ ಪೇಪರ್‌ನಲ್ಲಿ ತಿಕ್ಕಿ ಹೊಳೆಯುವ ಲೋಹ ಕಾಣಬೇಕು, ಪೇಂಟ್ ಮೇಲೆ ಬಿಗಿಯಬೇಡಿ. ಎಬಿಎಸ್ ವೈರಿನ ರಿಂಗ್ ಟರ್ಮಿನಲ್ ಕಪ್ಪಾಗಿದ್ದರೆ ಕತ್ತರಿಸಿ ಹೊಸದು ಕ್ರಿಂಪ್ ಮಾಡಿ. ಅದೊಂದನ್ನೇ ಆ ಬೋಲ್ಟ್‌ಗೆ ಬಿಗಿದು, ಬಿಗಿದಾದ ಮೇಲೆ ಹೊರಗಡೆ ವ್ಯಾಸಲಿನ್ ಬಳಿಯಿರಿ. ಫಾಗ್ ಲ್ಯಾಂಪ್‌ಗೆ ರಿಲೇ (ಸಣ್ಣ ಕರೆಂಟ್‌ನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್), ಬ್ಯಾಟರಿ ಪ್ಲಸ್ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್, 2.5 ಚದರ ಮಿಲಿಮೀಟರ್ ವೈರ್, ಅರ್ತ್ ನೇರ ಬ್ಯಾಟರಿ ಮೈನಸ್‌ಗೆ. ಸ್ವಿಚ್ ವೈರ್ ಒಳಗೆ ತರಲು ಫೈರ್‌ವಾಲ್‌ನ (ಎಂಜಿನ್ ಮತ್ತು ಒಳಗಿನ ಸೀಟಿನ ಜಾಗದ ನಡುವಿನ ಗೋಡೆ) ರಬ್ಬರ್ ಗ್ರಾಮೆಟ್ ಕೊರೆದಿದ್ದಾರಾ ಅಂತಲೂ ನೋಡಿ. ಕೊರೆದಿದ್ದರೆ ಸೀಲ್ ಮಾಡಿ, ವೈರ್ ಒಳಹೋಗುವ ಮೊದಲು ಕೆಳಗೆ ಬಾಗಿ ಮೇಲೇರುವಂತೆ ಕಟ್ಟಿ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತೆ. ಕೊನೆಗೆ ಅದೇ ಅಳತೆ ಮತ್ತೆ, ಫಾಗ್ ಲ್ಯಾಂಪ್ ಹಾಕಿ 0.1 ಒಳಗೆ ಬರಬೇಕು.

ಕಾಫಿ ಕಣ

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಇಲ್ಲಿ ಓದಿ ನಮ್ಮ ಗಾಡಿ ಅಳೆದರೆ 6–14 ಮಧ್ಯೆ 121 ಓಮ್. ಗಾಡಿ ಸ್ಟಾರ್ಟ್ ಆಗುತ್ತೆ, ಓಡುತ್ತೆ, ಆಗಾಗ ಮೀಟರ್ ಬೋರ್ಡ್ ಒಂದು ಕ್ಷಣ ಸತ್ತು ಬರುತ್ತೆ. ಒಂದು ರೆಸಿಸ್ಟರ್ ಇಲ್ಲದೆಯೂ ಓಡುತ್ತಾ? ಗೋಡೌನ್ ಪಕ್ಕ ನಿಲ್ಲಿಸೋದು, ಇಲಿ ಕಾಟ ಇದೆ.

ಹನ್ನೆರಡು ವೋಲ್ಟ್

ಓಡುತ್ತೆ. ಕಾರಿನ ಲೈನ್ ಕೆಲವೇ ಮೀಟರ್ ಉದ್ದ, ಒಂದು ತುದಿ ತೆರೆದಿದ್ದರೂ ಹೇಗೋ ಸುಧಾರಿಸಿಕೊಳ್ಳುತ್ತೆ. ಆದರೆ ಸಿಗ್ನಲ್ ಆ ತುದಿಗೆ ಬಡಿದು ವಾಪಸ್ ಬಂದು ಮುಂದಿನ ಬಿಟ್ ಮೇಲೆ ಬೀಳುತ್ತೆ. 500 ಕೆಬಿಪಿಎಸ್ (ಸೆಕೆಂಡಿಗೆ 5 ಲಕ್ಷ ಬಿಟ್) ಲೈನಿನಲ್ಲಿ ಒಂದು ಬಿಟ್‌ಗೆ ಸಿಗೋದೇ 2 ಮೈಕ್ರೋಸೆಕೆಂಡ್. ಹಾಗಾಗಿ ದೋಷ ಬಂದು ಹೋಗಿ ಮಾಡುತ್ತೆ.

ಯಾವ ತುದಿ ಅಂತ ಹಿಡಿಯೋದು ಸುಲಭ. ರೆಸಿಸ್ಟರ್ ಇರುವ ಎರಡು ಮಾಡ್ಯೂಲ್ ಯಾವುದು ಅಂತ ಡಯಾಗ್ರಂನಲ್ಲಿ ನೋಡಿ, ಒಂದು ಎಂಜಿನ್ ಇಸಿಯು (ಎಂಜಿನ್ನಿನ ಕಂಪ್ಯೂಟರ್), ಇನ್ನೊಂದು ಮೀಟರ್ ಬೋರ್ಡ್ ಅಂತಿಟ್ಟುಕೊಳ್ಳಿ. ಬ್ಯಾಟರಿ ತೆಗೆದು, ಓಬಿಡಿಯಲ್ಲಿ ಮೀಟರ್ ಹಿಡಿದಿರುವಾಗಲೇ ಎಂಜಿನ್ ಇಸಿಯು ಕಪ್ಲರ್ ಕಳಚಿ. 121 ಹೋಗಿ ಓಪನ್ ತೋರಿಸಿದರೆ ಕಾಣುತ್ತಿದ್ದ ರೆಸಿಸ್ಟರ್ ಅದರದ್ದೇ, ತುಂಡಾಗಿರೋದು ಇನ್ನೊಂದು ಕಡೆ. 121 ಹಾಗೇ ಉಳಿದರೆ ಎಂಜಿನ್ ಇಸಿಯು ಕಡೆಯ ವೈರೇ ಕಟ್, ಇಲ್ಲವೇ ಅದರೊಳಗಿನ ರೆಸಿಸ್ಟರ್ ಹೋಗಿದೆ. ಕಪ್ಲರ್ ಪಿನ್‌ಗಳ ಮಧ್ಯೆ ಇಸಿಯುವನ್ನೇ ಅಳೆದರೆ 120 ಬರಬೇಕು. ಬಂದರೆ ಹೈ, ಲೋ ಎರಡನ್ನೂ ಕಪ್ಲರ್‌ನಿಂದ ಓಬಿಡಿವರೆಗೆ ಬೇರೆ ಬೇರೆ ನೋಡಿ. ಇಲಿ ಒಂದನ್ನೇ ಕಡಿದಿದ್ದರೂ ಇದೇ 121 ಬರುತ್ತೆ.

ಕಡಿದ ಜಾಗ ಸಿಕ್ಕಿದರೆ ಎರಡು ಜೋಡಣೆಯೂ ಅಕ್ಕಪಕ್ಕ ಬೇಡ, ಒಂದನ್ನು ಮೂರ್ನಾಲ್ಕು ಸೆಂಟಿಮೀಟರ್ ಹಿಂದೆ ಮಾಡಿ. ಎರಡೂ ವೈರ್ ಉದ್ದ ಸಮ ಇರಲಿ, ತಿರುಚು ಬಿಚ್ಚಿದ ಭಾಗ 5 ಸೆಂಟಿಮೀಟರ್ ಮೀರದಿರಲಿ, ಉಳಿದದ್ದನ್ನು ಮೊದಲಿನಂತೆ ತಿರುಚಿ. ತಿರುಚು ಇರುವುದರಿಂದ ಹೊರಗಿನ ಗದ್ದಲ ಎರಡೂ ವೈರಿಗೆ ಸಮನಾಗಿ ಬಿದ್ದು ಒಂದನ್ನೊಂದು ಕಳೆಯುತ್ತೆ. ಸೋಲ್ಡರ್ ಮಾಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಬರೀ ಇನ್ಸುಲೇಷನ್ ಟೇಪ್ ಸುತ್ತಿದರೆ ಜುಲೈ ಹೊತ್ತಿಗೆ ಬಿಚ್ಚಿಕೊಂಡು ಅಲ್ಲೇ ಕಿಲುಬು ಹಿಡಿದಿರುತ್ತೆ.

ಗಾಳಿಬೀಡು ತಿರುವು

ಬೋಲ್ಟ್ ತಿಕ್ಕಿ ಹೊಸ ರಿಂಗ್ ಹಾಕಿಸಿದೆ. ಫಾಗ್ ಲ್ಯಾಂಪ್ ಹಾಕಿದಾಗ ಈಗ 0.03. ಹಳೇ ರಿಂಗ್‌ನ ಕೆಳಗೆ ಪೂರ್ತಿ ಪೇಂಟ್ ಇತ್ತು, ಬೋಲ್ಟಿನ ಥ್ರೆಡ್ ಮಾತ್ರ ತಾಗುತ್ತಿದ್ದದ್ದು. ರಿಲೇ ಕೆಲಸ ಬಾಕಿ, ಅಲ್ಲಿವರೆಗೆ ಫಾಗ್ ಲ್ಯಾಂಪ್ ಫ್ಯೂಸ್ ತೆಗೆದಿಟ್ಟಿದ್ದೀನಿ. ಯು0121 ಅಳಿಸಿದ ಮೇಲೆ ಮತ್ತೆ ಬಂದಿಲ್ಲ.