ಕಿಣ್ವ ‘ಸ್ಥಿರ’ವಾದರೆ ಓಡಾಡುವುದು ಹೇಗೆ?

ಬಳಗದವರಿಗೆಲ್ಲ ನಮಸ್ಕಾರ.

ಸಕ್ಕರೆ ಕಾಯಿಲೆಯವರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎನ್‌ಜೈಮ್ ಸ್ಟೆಬಿಲೈಸೇಶನ್ ಎಂದಿದ್ದಲ್ಲಿ ‘ಕಿಣ್ವ ಸ್ಥಿರೀಕರಣ’ ಎಂದು ಬರೆದು ಮುಂದೆ ಹೋದೆ. ಎರಡು ಪುಟ ದಾಟಿದ ಮೇಲೆ ಇಮ್ಮೊಬಿಲೈಸೇಶನ್ ಎದುರಾಯಿತು. ಕೈ ಅದಕ್ಕೂ ತಾನಾಗಿ ‘ಸ್ಥಿರೀಕರಣ’ ಎಂದೇ ಬರೆಯಿತು. ಶಾಲೆಯ ಪಠ್ಯದ ‘ಸಾರಜನಕ ಸ್ಥಿರೀಕರಣ’ ಬೇರೆ ಇದೆ, ಅದು ಫಿಕ್ಸೇಶನ್. ಮೂರು ಕೆಲಸ, ಒಂದೇ ಪದ.

‘ಕಿಣ್ವ’ದ ಬಗ್ಗೆ ತಕರಾರಿಲ್ಲ. ಸಂಸ್ಕೃತದಲ್ಲಿ ಅದು ಹೆಂಡ ಮಾಡಲು ಹಾಕುವ ಹುದುಗು. 1870ರ ದಶಕದಲ್ಲಿ ಜರ್ಮನಿಯ ವಿಜ್ಞಾನಿ ಕ್ಯೂನೆ ಟಂಕಿಸಿದ ‘ಎನ್‌ಜೈಮ್’ಗೂ ಗ್ರೀಕಿನಲ್ಲಿ ‘ಹುದುಗಿನೊಳಗೆ’ ಎಂದೇ ಅರ್ಥ. ಇಷ್ಟು ಚೆನ್ನಾಗಿ ಹೊಂದಿಕೊಂಡ ಪಾರಿಭಾಷಿಕ ಪದ ಅಪರೂಪ.

ಮೊದಲು ಸ್ಟೆಬಿಲೈಸೇಶನ್. ಶುಗರ್ ನೋಡಿಕೊಳ್ಳುವ ಪಟ್ಟಿಯನ್ನೇ (ಸ್ಟ್ರಿಪ್) ತೆಗೆದುಕೊಳ್ಳಿ. ಅದರ ತುದಿಯಲ್ಲಿ ಗ್ಲೂಕೋಸ್ ಆಕ್ಸಿಡೇಸ್‌ನಂಥ ಕಿಣ್ವ ಒಣಗಿ ಕೂತಿರುತ್ತದೆ. ಕಿಣ್ವವೆಂದರೆ ಮಡಚಿಕೊಂಡ ಪ್ರೋಟೀನು; ಬಿಸಿಯೋ ತೇವವೋ ತಗುಲಿದರೆ ಅದರ ಮಡಿಕೆಗಳು ಬಿಚ್ಚಿಕೊಂಡು ಕೆಲಸ ನಿಲ್ಲುತ್ತದೆ. ಡಬ್ಬಿಯೊಳಗೆ ತೇವ ಹೀರುವ ಪದಾರ್ಥ ಇಟ್ಟಿರುವುದು ಅದಕ್ಕೇ. ಕಳೆದ ಮಳೆಗಾಲ ಬಸವನಗುಡಿಯ ನಮ್ಮ ಮನೆಯಲ್ಲಿ ಡಬ್ಬಿಯ ಮುಚ್ಚಳ ಎರಡು ದಿನ ಸಡಿಲವಿತ್ತು. ಅಂಕಿ ಅಡ್ಡಾದಿಡ್ಡಿ ಬಂತು. ಅಮ್ಮ ಅಂದದ್ದು: “ಇದರ ಕಸುವು ಹೋಗಿದೆ ಕಣೋ, ಹೊಸದು ತಾ.” ಹಳೆಯ ಹೆಪ್ಪಿಗೂ ಅವರದು ಇದೇ ಮಾತು. ಹೆಪ್ಪಿನಲ್ಲಿರುವುದು ಬ್ಯಾಕ್ಟೀರಿಯಾ, ಇರಲಿ, ಮಾತು ಸರಿಯಾಗಿದೆ. ಟ್ರೆಹಲೋಸ್ ಎಂಬ ಸಕ್ಕರೆ ಬೆರೆಸಿ ಒಣಗಿಸುವುದು, ಗ್ಲಿಸರಾಲ್‌ನಲ್ಲಿ ಇಡುವುದು, ಎಲ್ಲ ಈ ಕಸುವು ಕಾಯುವುದಕ್ಕೇ.

ಇಮ್ಮೊಬಿಲೈಸ್ ಮಾಡುವುದೆಂದರೆ ಕಿಣ್ವವನ್ನು ಗಟ್ಟಿ ವಸ್ತುವಿಗೆ ಹತ್ತಿಸುವುದು. 1916ರಲ್ಲಿ ನೆಲ್ಸನ್ ಮತ್ತು ಗ್ರಿಫಿನ್ ಎಂಬ ವಿಜ್ಞಾನಿಗಳು, ಸಕ್ಕರೆ ಒಡೆಯುವ ಇನ್ವರ್ಟೇಸ್ ಕಿಣ್ವ ಇದ್ದಿಲಿಗೆ ಹತ್ತಿಕೊಂಡ ಮೇಲೂ ದುಡಿಯುತ್ತದೆಂದು ತೋರಿಸಿದರು. ಈಗ ಮೆಕ್ಕೆಜೋಳದ ಸಿಹಿಪಾಕ ತಯಾರಿಸುವಲ್ಲಿ ಗ್ಲೂಕೋಸ್ ಐಸೊಮರೇಸ್ ಎಂಬ ಕಿಣ್ವವನ್ನು ಹೀಗೆ ಹತ್ತಿಸಿ, ಅದರ ಮೇಲೆ ಪಾಕ ಹರಿಸುತ್ತಾರೆ. ಹತ್ತಿಸಿದ್ದು ಎಷ್ಟೋ ಸಲ ಹೆಚ್ಚು ದಿನ ಬಾಳುತ್ತದೆ. ಗೊಂದಲದ ಬೇರು ಅಲ್ಲಿದೆ.

ಆದರೆ ರಕ್ತಕ್ಯಾನ್ಸರಿಗೆ ಕೊಡುವ ಆಸ್ಪರಾಜಿನೇಸ್ ಎಂಬ ಕಿಣ್ವ ಇದೆಯಲ್ಲ, ಅದಕ್ಕೆ ಪಾಲಿಎಥಿಲೀನ್ ಗ್ಲೈಕಾಲ್ ಎಳೆ ತೊಡಿಸಿದ ರೂಪಕ್ಕೆ 1994ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ಎಲ್ಲಿಗೂ ಹತ್ತಿಕೊಂಡಿಲ್ಲ, ಆದರೂ ಮೈಯಲ್ಲಿ ಹೆಚ್ಚು ದಿನ ಉಳಿಯುತ್ತದೆ. ‘ಸ್ಥಿರೀಕರಿಸಿದ ಕಿಣ್ವ ರಕ್ತದಲ್ಲಿ ಸಂಚರಿಸುತ್ತದೆ’ ಎಂದು ಬರೆದು ನಾನೇ ನಕ್ಕೆ.

ಮೊದಲನೆಯದಕ್ಕೆ, ಅಂದರೆ ಸ್ಟೆಬಿಲೈಸೇಶನ್ನಿಗೆ, ‘ತಾಳಿಕೆ’ ಆದೀತೇ? ಬಿಸಿತಾಳಿಕೆ, ಹುಳಿತಾಳಿಕೆ ಎಂದು ಬೆಳೆಸಲೂ ಬರುತ್ತದೆ. ಎರಡನೆಯದಾದ ಇಮ್ಮೊಬಿಲೈಸೇಶನ್ನಿಗೆ ‘ಕೂರಿಸುವುದು’: ನಗರ್ತಪೇಟೆಯಲ್ಲಿ ಓಲೆಗೆ ಕಲ್ಲು ಕೂರಿಸುತ್ತಾರಲ್ಲ, ಹಾಗೆ. ‘ನಿಶ್ಚಲ’ ಎಂದರೆ ಕೆಲಸವೂ ನಿಂತಂತೆ ಕೇಳಿಸುತ್ತದೆ. ‘ಸ್ಥಾವರ ಕಿಣ್ವ’ ಎಂದರು ಗೆಳೆಯರೊಬ್ಬರು. ಇಲ್ಲಿ ಸ್ಥಾವರವೇ ಉಳಿದು ಜಂಗಮ ಅಳಿಯುವುದರಿಂದ ವಚನ ಓದಿದವರಿಗೆ ಕಸಿವಿಸಿಯಾದೀತು!

ನಿಮ್ಮ ಕಡೆ ‘ತಾಳಿಕೆ’ ಎಂದರೆ ಬರೀ ‘ಬಾಳಿಕೆ’ ಎಂದು ಕೇಳಿಸುತ್ತದೆಯೇ? ಪೀಣ್ಯದ ಕಡೆ ಔಷಧಿ, ಸೋಪುಪುಡಿ ಘಟಕಗಳಲ್ಲಿ ದುಡಿಯುವವರು ಯಾರಾದರೂ ಇದ್ದರೆ, ಅಲ್ಲಿ ಇವೆರಡಕ್ಕೆ ತಮ್ಮತಮ್ಮಲ್ಲಿ ಏನನ್ನುತ್ತೀರಿ?