ಲೂಸ್, ಅಡ್ವೈಸ್, ಅಫೆಕ್ಟ್: ಬರೆಯುವಾಗ ಹೇಗೆ ನೆನಪಿಟ್ಟುಕೊಳ್ಳುತ್ತೀರಿ?

ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು ನಾನು. ಈಗ ಕೋರಮಂಗಲದಲ್ಲಿ ಕೆಲಸ. ಮೇಲ್ ಬರೆಯುವಾಗ ಲೂಸ್, ಅಡ್ವೈಸ್, ಅಫೆಕ್ಟ್–ಎಫೆಕ್ಟ್ ಬಂದರೆ ಕೈ ನಿಂತುಬಿಡುತ್ತದೆ. ಎರಡು ಸ್ಪೆಲಿಂಗೂ ಇರುವ ಪದಗಳೇ ಅಲ್ವಾ, ಸ್ಪೆಲ್‌ಚೆಕ್ ಎಷ್ಟೋ ಸಲ ಸುಮ್ಮನಿರುತ್ತದೆ. ನಿಮಗೆ ಯಾವ ಉಪಾಯ ಕೈಹಿಡಿಯಿತು?

—

ನೋಡಮ್ಮ, ನಾನು ಮಲ್ಲೇಶ್ವರದಲ್ಲಿ ಇಂಗ್ಲಿಷ್ ಪಾಠ ಹೇಳಿ ರಿಟೈರ್ ಆದವನು. ಕನ್ನಡ ಮೀಡಿಯಂ ಅಂತ ಸಂಕೋಚ ಬೇಡ. ಶಿಪ್–ಶೀಪ್, ಸೆಲ್–ಸೇಲ್ ನಮ್ಮವರ ಕಿವಿಗೆ ಬೇಗ ಸಿಗುತ್ತವೆ. ಹ್ರಸ್ವ, ದೀರ್ಘ ನಮಗೆ ಕಾಗುಣಿತದಲ್ಲೇ ಬಂದಿದೆ. ತೊಡಕಿರುವುದು ಝಡ್ ಸದ್ದಿನಲ್ಲಿ, ಅದು ಕನ್ನಡದ್ದಲ್ಲ. ಗಂಟಲ ಮೇಲೆ ಬೆರಳಿಟ್ಟು 'ಸ್ಸ್ಸ್' ಅಂತ ಎಳೆದು ನೋಡು, ಏನೂ ಆಗುವುದಿಲ್ಲ. ನಾಲಿಗೆ ಅಲ್ಲೇ ಇಟ್ಟು ದನಿ ಸೇರಿಸು. ಜೇನು ಗುಂಯ್‌ಗುಟ್ಟಿದ ಹಾಗೆ ಗಂಟಲು ಅದುರುತ್ತದೆ. ಅದೇ ಝಡ್.

'ಕಳೆದುಕೊ' ಅನ್ನುವ ಲೂಸ್‌ನಲ್ಲಿ ಗಂಟಲು ಅದುರಬೇಕು. ಅದಕ್ಕೆ ಒಂದೇ ಓ. ಸಡಿಲ ಅನ್ನುವುದಕ್ಕೆ ಎರಡು ಓ, ಅದುರುವುದಿಲ್ಲ. ಸಲಹೆ ಅನ್ನುವ ಅಡ್ವೈಸ್‌ಗೆ ಸಿ, ಅದುರದು. ಸಲಹೆ ಕೊಡು ಅನ್ನುವುದಕ್ಕೆ ಎಸ್, ಅದುರುತ್ತದೆ. ಒಂದು ವಾರ ಜೋರಾಗಿ ಓದಿಕೋ, ಬರೆಯುವಾಗ ಕೈಗೇ ಗೊತ್ತಾಗುತ್ತದೆ.

—

ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ಪ್ರಾಕ್ಟೀಸ್, ಲೈಸೆನ್ಸ್ ಕೂಡ ಬ್ರಿಟಿಷ್ ಬರಹದಲ್ಲಿ ಇದೇ ದಾರಿ: ನಾಮಪದಕ್ಕೆ ಸಿ, ಕ್ರಿಯಾಪದಕ್ಕೆ ಎಸ್. ಆದರೆ ಇಲ್ಲಿ ಕಿವಿ ನಂಬಬೇಡಿ, ಎರಡೂ ಒಂದೇ ಥರ ಕೇಳಿಸುತ್ತವೆ. ಕ್ಲೈಂಟ್ ಅಮೆರಿಕದವರಾದರೆ ಪ್ರಾಕ್ಟೀಸ್‌ಗೆ ಎರಡು ಕಡೆಯೂ ಸಿ, ಲೈಸೆನ್ಸ್‌ಗೆ ಎರಡು ಕಡೆಯೂ ಎಸ್. ನಮ್ಮ ಟೀಮಿನಲ್ಲಿ ಇದೇ ಜಾಸ್ತಿ ಗೊಂದಲ.

—

ಸ್ಟೇಷನರಿಯೂ ಹೀಗೇ, ಆರ್‌ಗೆ ಮುಂಚಿನ ಅಕ್ಷರ ನೋಡಿ. ಅವೆನ್ಯೂ ರೋಡಿನಲ್ಲಿ ಕೊಳ್ಳುವ ಪೆನ್ನು, ಎನ್ವಲಪ್‌ಗೆ ಇ. ಸಿಲ್ಕ್ ಬೋರ್ಡ್ ಹತ್ತಿರ ನಿಂತೇ ಇರುವ ಕಾರಿಗೆ ಎ.

—

ಅಫೆಕ್ಟ್–ಎಫೆಕ್ಟ್ ಬಗ್ಗೆ ಯಾರೂ ಹೇಳಲಿಲ್ಲ. ಮೇಡಂ, ಮೊದಲು ವಾಕ್ಯವನ್ನು ಕನ್ನಡದಲ್ಲಿ ಅಂದುಕೊಳ್ಳಿ. 'ಮಳೆಯ ಪರಿಣಾಮ' ಅಂತ ಬಂದರೆ ಇ. 'ಮಳೆ ಪರಿಣಾಮ ಬೀರಿತು' ಅಂತ ಬಂದರೆ ಎ. ಹಿಂದೆ 'ದಿ' ಅಥವಾ 'ಆ್ಯನ್' ಇದ್ದರೆ ಹೆಚ್ಚಿನ ಸಲ ಇ ಬರುವುದೇ. 'ಎಫೆಕ್ಟ್ ಎ ಚೇಂಜ್' ಅಂತ ಎಲ್ಲಾದರೂ ಕಂಡರೆ ಗಾಬರಿಯಾಗಬೇಡಿ. ಅಲ್ಲಿ ಬದಲಾವಣೆ ತರು ಅಂತ ಅರ್ಥ, ಆ ಬಳಕೆ ಬೇರೆ.

ಇನ್ನೊಂದು, ನಿಮ್ಮನ್ನು ಕಾಡುವ ಪದಗಳು ಐದಾರು ಇರಬಹುದು, ಅಷ್ಟೇ. ಪ್ರತಿಯೊಂದಕ್ಕೂ ನಿಮ್ಮದೇ ಹಳೆಯ ಮೇಲ್‌ನಿಂದ ಒಂದು ಸರಿಯಾದ ವಾಕ್ಯ ತೆಗೆದು ಚೀಟಿಯಲ್ಲಿ ಬರೆದು ಮಾನಿಟರ್ ಪಕ್ಕ ಅಂಟಿಸಿ. ಮುಖ್ಯವಾದ ಮೇಲ್ ಕಳಿಸುವ ಮುಂಚೆ ಆ ಪದಗಳನ್ನು ಮಾತ್ರ ಹುಡುಕಿ, ಚೀಟಿಗೆ ತಾಳೆ ನೋಡಿ.