ವ್ಯಾನ್ ಹೇಲನ್ 1978: ಗಿಟಾರ್ ಟ್ಯೂನ್ ಕೂಡ್ತಿಲ್ಲ, ವೇರಿಯಾಕ್ ಬೇಕಾ, ಮುಂದೆ ಯಾವ ಆಲ್ಬಮ್?

ಬಾರೆ_ಕಾರ್ಡ್:
ರಾಕ್ ಬ್ಯಾಂಡ್ ವ್ಯಾನ್ ಹೇಲನ್‌ನ 1978ರ ಮೊದಲ ಆಲ್ಬಮ್ ಹಾಕ್ಕೊಂಡು ಜೊತೆಗೆ ನುಡಿಸಿದ್ರೆ ನನ್ನ ಗಿಟಾರ್ ಒಂದು ಫ್ರೆಟ್‌ನಷ್ಟು ಮೇಲೆ ಕೇಳಿಸುತ್ತೆ, ಟ್ಯೂನರ್‌ನಲ್ಲಿ ಎಲ್ಲಾ ಸರಿಯಾಗೇ ತೋರಿಸುತ್ತೆ. ಫ್ಲಾಯ್ಡ್ ರೋಸ್ (ತಂತಿಗಳನ್ನ ಲಾಕ್ ಮಾಡೋ, ಅಲುಗಾಡೋ ಬ್ರಿಡ್ಜ್) ಇರೋ ಗಿಟಾರ್. ಇನ್ನೊಂದು ಪ್ರಶ್ನೆ: ಬ್ಯಾಂಡ್‌ನ ಗಿಟಾರ್ ವಾದಕ ಎಡ್ಡಿಯ 'ಬ್ರೌನ್ ಸೌಂಡ್' ಅನ್ನೋ ಆ ನಾದಕ್ಕೆ ವೇರಿಯಾಕ್ (ವೋಲ್ಟೇಜ್ ಏರಿಳಿಸೋ ಟ್ರಾನ್ಸ್‌ಫಾರ್ಮರ್) ಹಾಕಿ ಆಂಪ್ ವೋಲ್ಟೇಜ್ ಇಳಿಸಬೇಕು ಅಂತಾರಲ್ಲ, ನಮ್ಮ 230 ವೋಲ್ಟ್‌ನಲ್ಲಿ 50 ವ್ಯಾಟ್ ವಾಲ್ವ್ ಆಂಪ್‌ಗೆ ಅದನ್ನ ಮಾಡಬಹುದಾ? ಹಾಗೇ, ಹಾಡುಗಾರ ಡೇವಿಡ್ ಲೀ ರಾತ್ ಬಿಟ್ಟುಹೋದ ಮೇಲಿನ ಆಲ್ಬಮ್‌ಗಳು ಕೇಳೋ ಹಾಗಿವೆಯಾ?

ಆರನೇ_ತಂತಿ:
ರಾತ್ ಕಾಲದ ಹೆಚ್ಚಿನ ಹಾಡುಗಳು ಅರ್ಧ ಸ್ವರ ಕೆಳಗಿವೆ. ಆರೂ ತಂತಿ ಅರ್ಧ ಸ್ವರ ಇಳಿಸಿ, ಅಂದ್ರೆ ಇ ಫ್ಲಾಟ್ ಟ್ಯೂನಿಂಗ್. ಆಮೇಲೂ ಮೊದಲ ಆಲ್ಬಮ್‌ನಲ್ಲಿ ಕೆಲವು ಸೆಂಟ್ (ಅರ್ಧ ಸ್ವರದ ನೂರನೇ ಒಂದು ಭಾಗ) ವ್ಯತ್ಯಾಸ ಉಳಿಯುತ್ತೆ. ಆಗ ಟ್ಯೂನರ್ ಆಫ್ ಮಾಡಿ ರೆಕಾರ್ಡಿಂಗ್‌ಗೆ ಕಿವಿಯಿಂದಲೇ ಕೂಡಿಸಿಕೊಳ್ಳಿ. 'ಅನ್‌ಚೇನ್ಡ್' ಬೇಕಿದ್ರೆ ಆರನೇ ತಂತಿಯನ್ನ ಇನ್ನೂ ಒಂದು ಪೂರ್ತಿ ಸ್ವರ ಇಳಿಸಿ ಡಿ ಫ್ಲಾಟ್‌ಗೆ ತನ್ನಿ. 'ಜಂಪ್' ಮಾತ್ರ ಮಾಮೂಲಿ ಟ್ಯೂನಿಂಗ್, ಅಲ್ಲಿ ಯಜಮಾನಿಕೆ ಒಬರ್‌ಹೈಮ್ ಕೀಬೋರ್ಡ್‌ದು.

ಫ್ಲಾಯ್ಡ್ ರೋಸ್ ಅಂದಮೇಲೆ ಮೊದಲು ನಟ್ ಲಾಕ್ (ಗಿಟಾರ್ ತಲೆ ಕಡೆ ತಂತಿ ಬಿಗಿಹಿಡಿಯೋದು) ಸಡಿಲಿಸಿ. ತಂತಿ ಇಳಿಸಿದ ಹಾಗೆಲ್ಲ ಹಿಂದಿನ ಸ್ಪ್ರಿಂಗ್‌ಗಳು ಗೆದ್ದು ಬ್ರಿಡ್ಜ್ ಬಾಡಿ ಕಡೆ ಕೂತುಬಿಡುತ್ತೆ, ಒಂದು ತಂತಿ ಸರಿ ಮಾಡಿದ್ರೆ ಇನ್ನೊಂದು ಹೋಗುತ್ತೆ. ಹಿಂದಿನ ಮುಚ್ಚಳ ತೆಗೆದು ಸ್ಪ್ರಿಂಗ್ ಹಿಡಿದಿರೋ ಎರಡು ಸ್ಕ್ರೂಗಳನ್ನ ಅರ್ಧರ್ಧ ಸುತ್ತು ಸಡಿಲಿಸಿ, ಮತ್ತೆ ಟ್ಯೂನ್ ಮಾಡಿ, ಬ್ರಿಡ್ಜ್ ಮಟ್ಟವಾಗೋ ತನಕ ಇದೇ ಕೆಲಸ. ನಟ್ ಲಾಕ್ ಮಾಡೋದು ಕಟ್ಟಕಡೆಗೆ.

ಆ ಆಲ್ಬಮ್‌ನಲ್ಲಿ ಗಿಟಾರ್ ಎಡಗಡೆ, ಅದರ ರಿವರ್ಬ್ ಬಲಗಡೆ. ಬಲಗಿವಿಗೆ ಮಾತ್ರ ಇಯರ್‌ಫೋನ್ ಸಿಗಿಸಿಕೊಂಡು ಕಲಿಯೋಕೆ ಹೋದ್ರೆ ಎಡ್ಡಿ ಪಕ್ಕದ ಮನೆಯಲ್ಲಿ ನುಡಿಸ್ತಿರೋ ಹಾಗಿರುತ್ತೆ.

ಫ್ಯೂಸ್_ಹೋಯ್ತು:
ವೇರಿಯಾಕ್ ಬೇಡ. ಎಡ್ಡಿಯ 100 ವ್ಯಾಟ್ ಮಾರ್ಷಲ್ ಸುಮಾರು 90 ವೋಲ್ಟ್‌ನಲ್ಲಿ ಓಡ್ತಿತ್ತು, ಅಲ್ಲಿನ ಮೇನ್ಸ್ 120ರ ಆಸುಪಾಸು. ಶುರುವಿನ ಸಂದರ್ಶನಗಳಲ್ಲಿ ಆತ ವೋಲ್ಟೇಜ್ ಏರಿಸ್ತೀನಿ ಅಂತ ಉಲ್ಟಾ ಹೇಳಿದ್ದ, ನಂಬಿದವರ ಆಂಪ್ ದೇವರೇ ಗತಿ.

ಅದೇ ಲೆಕ್ಕ ಇಲ್ಲಿಗೆ ಹಾಕಿ: ಮುಕ್ಕಾಲು ಭಾಗ ಅಂದ್ರೆ 172 ವೋಲ್ಟ್. ವಾಲ್ವ್ ಹೀಟರ್‌ಗೆ 6.3 ವೋಲ್ಟ್ ಬೇಕು, ಶೇ. 10ರಷ್ಟು ಹೆಚ್ಚುಕಮ್ಮಿ ನಡೆಯುತ್ತೆ. ಈಗ ಸಿಗೋದು 4.7. ಕ್ಯಾಥೋಡ್ ಸರಿಯಾಗಿ ಕಾಯದೆ ಕರೆಂಟ್ ಎಳೆಸಿದ್ರೆ ವಾಲ್ವ್ ಆಯಸ್ಸು ಕಮ್ಮಿಯಾಗುತ್ತೆ. ಬಯಾಸ್ (ವಾಲ್ವ್ ಎಷ್ಟು ಕರೆಂಟ್ ಎಳೀಬೇಕು ಅಂತ ಹಿಡಿತದಲ್ಲಿಡೋ ವೋಲ್ಟೇಜ್) ಕೂಡ ಇಳಿಯುತ್ತೆ, ಅದನ್ನ ಮತ್ತೆ ಹೊಂದಿಸಬೇಕು. ರಿಲೇಯಲ್ಲಿ ಚಾನೆಲ್ ಬದಲಾಗೋ ಆಂಪ್ ಆದ್ರೆ ರಿಲೇ ಕೈಕೊಡಬಹುದು. ಇನ್ನು ವೇರಿಯಾಕ್ ಕೇಳಿದ್ರೆ ಅಂಗಡಿಯಲ್ಲಿ ಡಿಮ್ಮರ್‌ಸ್ಟ್ಯಾಟ್ ಅಂತ ಕೊಡೋದು 270 ವೋಲ್ಟ್ ತನಕ ಹೋಗುತ್ತೆ. ತಪ್ಪು ಕಡೆ ತಿರುಗಿಸಿದ್ರೆ ಮುಗೀತು.

ಬದಲಿಗೆ ಆಂಪ್ ಮತ್ತು ಸ್ಪೀಕರ್ ನಡುವೆ ಅಟೆನ್ಯುಯೇಟರ್ (ಆಂಪ್ ಶಕ್ತಿಯಲ್ಲಿ ಒಂದಷ್ಟು ಹೀರಿ ಸದ್ದು ಇಳಿಸೋ ಪೆಟ್ಟಿಗೆ) ಹಾಕಿ. 100 ವ್ಯಾಟ್ ತಡೆಯೋದೇ ತಗೊಳ್ಳಿ, 50 ವ್ಯಾಟ್ ಆಂಪ್ ಪೂರ್ತಿ ಏರಿಸಿದಾಗ ಅದಕ್ಕಿಂತ ಹೆಚ್ಚೇ ಕೊಡುತ್ತೆ. ಆಂಪ್, ಅಟೆನ್ಯುಯೇಟರ್, ಸ್ಪೀಕರ್ ಮೂರರ ಓಮ್ ಹೊಂದಬೇಕು. ಸ್ಪೀಕರ್ ಕೇಬಲ್ಲೇ ಬಳಸಿ, ಗಿಟಾರ್ ಕೇಬಲ್ ಅಲ್ಲ. ಲೋಡ್ ಇಲ್ಲದೆ ವಾಲ್ವ್ ಆಂಪ್ ನುಡಿಸಿದ್ರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತೆ. ಆಂಪ್ ಮುಂದುಗಡೆ ಒಂದು ಫೇಸ್ 90 (ಫೇಸರ್ ಪೆಡಲ್), ಸ್ಪೀಡ್ ಕಮ್ಮಿ ಇಟ್ಟು. ಬ್ರಿಡ್ಜ್ ಕಡೆಯ ಹಂಬಕರ್ ಪಿಕಪ್. ಗೇನ್ ನೀವಂದುಕೊಂಡಿರೋದಕ್ಕಿಂತ ಕಮ್ಮಿ.

ಸೈಡ್_ಬಿ:
ಮೂರನೇದಕ್ಕೆ ನಾನು. ರಾತ್ 1985ರಲ್ಲಿ ಹೊರಬಿದ್ದ, ಸ್ಯಾಮಿ ಹೇಗರ್ ಬಂದ, ಮರುವರ್ಷ ಬಂದ '5150' ಅಮೆರಿಕದಲ್ಲಿ ಬ್ಯಾಂಡ್‌ನ ಮೊದಲ ನಂಬರ್ ಒನ್ ಆಲ್ಬಮ್. ಅದಕ್ಕೂ ಮೊದಲಿನ '1984' ಎರಡರಲ್ಲೇ ನಿಂತಿತ್ತು, ಮೇಲೆ ಮೈಕೆಲ್ ಜಾಕ್ಸನ್‌ನ 'ಥ್ರಿಲ್ಲರ್' ಕೂತಿತ್ತು. ಅದರ 'ಬೀಟ್ ಇಟ್' ಸೋಲೋ ನುಡಿಸಿದ್ದೂ ಎಡ್ಡಿಯೇ! ಹೇಗರ್ ಜೊತೆಗಿನ ನಾಲ್ಕೂ ಸ್ಟುಡಿಯೋ ಆಲ್ಬಮ್ ನಂಬರ್ ಒನ್ ಆದವು. ಆದ್ರೂ ಗಿಟಾರ್‌ಗೋಸ್ಕರ ಕೇಳೋರಿಗೆ 1981ರ 'ಫೇರ್ ವಾರ್ನಿಂಗ್' ಮೊದಲು, ಆಮೇಲೆ '5150'. ಗ್ಯಾರಿ ಚೆರೋನ್ ಹಾಡಿದ 1998ರದ್ದು ಕೊನೆಗಿರಲಿ. 2012ರದ್ದನ್ನ ಬಿಡಬೇಡಿ: ರಾತ್ ವಾಪಸ್, ಬೇಸ್‌ನಲ್ಲಿ ಎಡ್ಡಿಯ ಮಗ ವುಲ್ಫ್‌ಗ್ಯಾಂಗ್, ಕೆಲವು ಹಾಡುಗಳ ಬೇರು 70ರ ದಶಕದ ಡೆಮೋಗಳಲ್ಲಿದೆ. ಹಳೆಯ ಬೇಸ್ ವಾದಕ ಮೈಕೆಲ್ ಆಂಥನಿಯ ಎತ್ತರದ ಹಿನ್ನೆಲೆ ದನಿ ಇಲ್ಲದ್ದು ಮಾತ್ರ ಎದ್ದು ಕಾಣುತ್ತೆ.

ಬಾರೆ_ಕಾರ್ಡ್:
ಥ್ಯಾಂಕ್ಸ್. ಹೇಗರ್ ಹಾಡುಗಳಿಗೂ ಅರ್ಧ ಸ್ವರ ಕೆಳಗೇನಾ?

ಆರನೇ_ತಂತಿ:
ಒಂದೇ ನಿಯಮ ಇಲ್ಲ. ಹಾಡು ನಿಲ್ಲಿಸಿ ಎಳೆದು ಹಿಡಿದ ಒಂದು ಕಾರ್ಡ್ ಹುಡುಕಿ, ಅದಕ್ಕೆ ನಿಮ್ಮ ಆರನೇ ತಂತಿ ಕೂಡಿಸಿ ನೋಡಿ, ಆಮೇಲೆ ಉಳಿದವು. ಫ್ಲಾಯ್ಡ್ ರೋಸ್‌ನಲ್ಲಿ ಪದೇಪದೇ ಬದಲಿಸೋದು ತಲೆನೋವು, ಗಿಟಾರ್ ಇ ಫ್ಲಾಟ್‌ನಲ್ಲೇ ಬಿಟ್ಟು, ಮಾಮೂಲಿ ಟ್ಯೂನಿಂಗ್ ಹಾಡಾದ್ರೆ ಅದರ ಪಿಚ್ಚನ್ನೇ ಸಾಫ್ಟ್‌ವೇರ್‌ನಲ್ಲಿ ಅರ್ಧ ಸ್ವರ ಇಳಿಸಿಕೊಳ್ಳಿ.